ನಿನ್ನೆ ಇದ್ದ ಸೌಲಭ್ಯ ಇಂದು ಎಲ್ಲಿ ಹೋಯಿತು? ಪ್ಯಾಕೇಜ್ ಕಟ್ಟುವವರಿಗೆ ದೋಷ ನಿವಾರಣೆ ಕೈಪಿಡಿ

"ಸರ್, ವಿಡಿಯೊ ಮೇಲೆ ದಿನಾಂಕ ಬರುತ್ತಿಲ್ಲ. ನಿನ್ನೆ ಸಂಜೆಯವರೆಗೂ ಬರುತ್ತಿತ್ತು. ನಾವು ಏನನ್ನೂ ಮುಟ್ಟಿಲ್ಲ."

ನಾನು ಕಟ್ಟಿಕೊಡುವ ಪ್ಯಾಕೇಜ್‌ಗಳನ್ನು (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಗಂಟುಗಳನ್ನು) ಬಳಸುವ ವಿಡಿಯೊ ಸಂಕಲನ ತಂಡದಿಂದ ಒಂದು ಬೆಳಿಗ್ಗೆ ಬಂದ ಕರೆ ಇದು. ಅವರು ಹೇಳಿದ್ದು ನಿಜವೇ ಆಗಿತ್ತು. ಮುಟ್ಟಿದ್ದವನು ನಾನು. ಹಿಂದಿನ ರಾತ್ರಿ ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶವನ್ನು 6.0ರಿಂದ 6.1ಕ್ಕೆ ಏರಿಸಿದ್ದೆ. ಬಿಲ್ಡ್, ಅಂದರೆ ಸೋರ್ಸ್ ಕೋಡ್‌ನಿಂದ ತಂತ್ರಾಂಶ ಕಟ್ಟುವ ಕೆಲಸ, ಒಂದೂ ದೋಷ ತೋರಿಸದೆ ಮುಗಿದಿತ್ತು, ಪ್ಯಾಕೇಜ್ ಸಲೀಸಾಗಿ ಸ್ಥಾಪನೆಯಾಗಿತ್ತು. ಆದರೆ ವಿಡಿಯೊ ಮೇಲೆ ಅಕ್ಷರ ಬರೆಯುವ 'ಡ್ರಾಟೆಕ್ಸ್ಟ್' ಫಿಲ್ಟರ್ ಅದರೊಳಗೆ ಇರಲೇ ಇಲ್ಲ. 6.0ರಲ್ಲಿ ಆ ಫಿಲ್ಟರ್‌ಗೆ ಅಕ್ಷರದ ಆಕೃತಿ ಚಿತ್ರಿಸುವ ಫ್ರೀಟೈಪ್ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇದ್ದರೆ ಸಾಕಿತ್ತು. 6.1ರಲ್ಲಿ ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಝ್ ಕೂಡ ಬೇಕಾಯಿತು. ನನ್ನ ಹಳೆಯ ಆಯ್ಕೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಯಾವ ಸೌಲಭ್ಯ ಸೇರಬೇಕೆಂದು ಬಿಲ್ಡ್‌ಗೆ ಮೊದಲು ತೀರ್ಮಾನಿಸುವ ಕಾನ್ಫಿಗರ್ ಸ್ಕ್ರಿಪ್ಟ್ ನನ್ನನ್ನು ಒಂದು ಮಾತೂ ಕೇಳದೆ ಫಿಲ್ಟರನ್ನು ಕೈಬಿಟ್ಟಿತ್ತು.

ಐಚ್ಛಿಕ ಸೌಲಭ್ಯಗಳಿಂದ ಹುಟ್ಟುವ ದೋಷಗಳ ಸ್ವಭಾವವೇ ಇಂಥದ್ದು. ತಪ್ಪು ನಡೆಯುವುದು ಕಟ್ಟುವವನ ಯಂತ್ರದಲ್ಲಿ, ತೊಂದರೆ ಕಾಣುವುದು ಬಳಸುವವರ ಮೇಜಿನ ಮೇಲೆ. ಅದಕ್ಕೇ ಈ ಕೈಪಿಡಿ ಬಳಕೆದಾರರು ದೂರು ಹೇಳುವ ಮಾತುಗಳಿಂದಲೇ ಶುರುವಾಗುತ್ತದೆ. ಪ್ರತಿ ಲಕ್ಷಣದಡಿಯಲ್ಲೂ ಒಂದು ನಿಮಿಷದ ಪರೀಕ್ಷೆ ಮೊದಲು, ಅರ್ಧ ದಿನ ಹಿಡಿಯುವ ಕೆಲಸ ಕೊನೆಗೆ. ಆದೇಶಗಳ ಮತ್ತು ಆಯ್ಕೆಗಳ ಹೆಸರನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಕೈ ಹಾಕುವ ಮುನ್ನ

ಕೆಲಸ ಮಾಡುತ್ತಿರುವ ಹಳೆಯ ಪ್ಯಾಕೇಜ್ ಕಡತವನ್ನು ಮೊದಲು ಬೇರೆ ಕಡೆ ತೆಗೆದಿಡಿ. ಪ್ರಯೋಗ ಕೈಕೊಟ್ಟರೆ ಹಿಂದಕ್ಕೆ ಹೋಗಲು ಇರುವ ದಾರಿ ಅದೊಂದೇ.

ಬಿಲ್ಡ್ ಸ್ಕ್ರಿಪ್ಟ್ ಎಂದರೆ ಯಾರೋ ಬರೆದ ಕೋಡ್ ನಿಮ್ಮ ಯಂತ್ರದಲ್ಲಿ ಓಡುವುದು. ಅದನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಬೇಡಿ. 'ಮೇಕ್ ಇನ್‌ಸ್ಟಾಲ್' ಎಂದು ನೇರವಾಗಿ ಯಂತ್ರದ ಮುಖ್ಯ ಕೋಶಗಳಿಗೆ ಸುರಿಯಬೇಡಿ. ಹಾಗೆ ಸುರಿದ ಕಡತಗಳ ಲೆಕ್ಕ ಪ್ಯಾಕೇಜ್ ವ್ಯವಸ್ಥೆಗೆ ಇರುವುದಿಲ್ಲ, ಮುಂದೆ ಅವು ಬೇರೆ ಬಿಲ್ಡ್‌ಗಳ ಕಣ್ಣಿಗೆ ಬಿದ್ದು ಹೊಸ ಗೊಂದಲ ಹುಟ್ಟಿಸುತ್ತವೆ. ದೂರದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ), ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣದ ಲೈಬ್ರರಿ) ಅಥವಾ ಲಾಗಿನ್‌ಗೆ ಸಂಬಂಧಿಸಿದ ಯಾವುದನ್ನೇ ಬದಲಿಸುವಾಗ ಎರಡನೆಯ ಸಂಪರ್ಕವೊಂದನ್ನು ತೆರೆದೇ ಇಟ್ಟುಕೊಳ್ಳಿ. ಹೊಸದಾಗಿ ಒಳಗೆ ಬರಲು ಆಗುತ್ತದೆ ಎಂದು ಖಚಿತವಾಗುವವರೆಗೆ ಅದನ್ನು ಮುಚ್ಚಬೇಡಿ.

ಇನ್ನೊಂದು ಎಚ್ಚರಿಕೆ. ಒಂದು ಬೈನರಿ (ಕಟ್ಟಿ ಮುಗಿದ, ಓಡಿಸಬಲ್ಲ ಕಡತ) ಯಾವ ಲೈಬ್ರರಿಗಳನ್ನು ಬೇಡುತ್ತದೆ ಎಂದು ನೋಡಲು ಹಲವರು 'ಎಲ್‌ಡಿಡಿ' ಬಳಸುತ್ತಾರೆ. ನೀವೇ ಕಟ್ಟಿದ ಬೈನರಿಗೆ ಅದು ಸರಿ. ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಬೈನರಿಗೆ ಎಂದೂ ಬಳಸಬೇಡಿ, ಏಕೆಂದರೆ ಕೆಲವು ಸಂದರ್ಭಗಳಲ್ಲಿ ಅದು ಆ ಬೈನರಿಯ ಕೋಡನ್ನೇ ಓಡಿಸಿಬಿಡಬಹುದು. 'ರೀಡೆಲ್ಫ್' ಅಥವಾ 'ಆಬ್ಜ್‌ಡಂಪ್' ಕಡತವನ್ನು ಓದುತ್ತವೆಯೇ ಹೊರತು ಓಡಿಸುವುದಿಲ್ಲ.

ಲಕ್ಷಣ: "ಇಂಥ ಸೌಲಭ್ಯ ಇಲ್ಲ ಎನ್ನುತ್ತದೆ"

ಫಿಲ್ಟರ್ ಇಲ್ಲ, ಪ್ರೋಟೊಕಾಲ್ ಗೊತ್ತಿಲ್ಲ, ಮಾಡ್ಯೂಲ್ ಸಿಗಲಿಲ್ಲ: ಸಂದೇಶದ ಮಾತು ಬೇರೆ ಬೇರೆ, ಕಾಯಿಲೆ ಒಂದೇ ಇರಬಹುದು.

ಎಲ್ಲಕ್ಕಿಂತ ಮೊದಲು, ಓಡುತ್ತಿರುವುದು ನೀವು ಕಟ್ಟಿದ ಬೈನರಿಯೇ ಎಂದು ನೋಡಿ. 'ವಿಚ್' ಆದೇಶ ಕೊಟ್ಟರೆ ಪೂರ್ತಿ ವಿಳಾಸ ಸಿಗುತ್ತದೆ. ಯಾರೋ ಹಿಂದೊಮ್ಮೆ ಕೈಯಾರೆ ಸ್ಥಾಪಿಸಿದ ಪ್ರತಿ 'ಯೂಸರ್ ಲೋಕಲ್' ಕೋಶದಲ್ಲಿ ಕುಳಿತು, ನಿಮ್ಮ ಹೊಸ ಪ್ಯಾಕೇಜನ್ನು ಮರೆಮಾಡಿರುವುದು ನಾವು ಎಣಿಸುವುದಕ್ಕಿಂತ ಹೆಚ್ಚು ಸಲ ನಡೆಯುತ್ತದೆ.

ಆಮೇಲೆ ಬೈನರಿಯನ್ನೇ ಕೇಳಿ. ಒಳ್ಳೆಯ ತಂತ್ರಾಂಶಗಳು ತಮ್ಮನ್ನು ಯಾವ ಆಯ್ಕೆಗಳೊಂದಿಗೆ ಕಟ್ಟಲಾಗಿದೆ ಎಂದು ತಾವೇ ಹೇಳುತ್ತವೆ. ಎಫ್‌ಎಫ್‌ಎಂಪೆಗ್‌ಗೆ 'ಬಿಲ್ಡ್‌ಕಾನ್ಫ್' ಆಯ್ಕೆ ಕೊಟ್ಟರೆ ಕಾನ್ಫಿಗರ್ ಮಾಡಿದ ಸಾಲು ಪೂರ್ತಿ ಬರುತ್ತದೆ, 'ಫಿಲ್ಟರ್ಸ್' ಎಂದರೆ ಒಳಗಿರುವ ಫಿಲ್ಟರ್‌ಗಳ ಪಟ್ಟಿ. ಜಾಲದಿಂದ ಡೇಟಾ ತರುವ ಕರ್ಲ್‌ನ 'ವರ್ಷನ್' ಉತ್ತರದಲ್ಲಿ 'ಫೀಚರ್ಸ್' ಎಂಬ ಸಾಲಿದೆ. ಪಠ್ಯ ಸಂಪಾದಕ ವಿಮ್‌ನ 'ವರ್ಷನ್' ಉತ್ತರದಲ್ಲಿ ಪ್ರತಿ ಸೌಲಭ್ಯದ ಮುಂದೆ ಕೂಡು ಅಥವಾ ಕಳೆ ಚಿಹ್ನೆ ಇರುತ್ತದೆ. ಕ್ಲಿಪ್‌ಬೋರ್ಡ್ ಮುಂದೆ ಕಳೆ ಚಿಹ್ನೆ ಕಂಡರೆ, ನಕಲು ಮಾಡಿದ್ದು ಬ್ರೌಸರ್‌ಗೆ ಏಕೆ ಹೋಗುತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಲೈಟ್‌ನಲ್ಲಿ 'ಪ್ರಾಗ್ಮಾ ಕಂಪೈಲ್ ಆಪ್ಷನ್ಸ್' ಕೇಳಬಹುದು.

ಉತ್ತರದಲ್ಲಿ ಸೌಲಭ್ಯ ಕಾಣದಿದ್ದರೆ, ವಿತರಣೆಯವರು (ಡೆಬಿಯನ್, ಫೆಡೋರಾದಂಥ ಲಿನಕ್ಸ್ ವ್ಯವಸ್ಥೆ ಹೊರತರುವವರು) ಅದನ್ನು ಬೇರೆ ಪ್ಯಾಕೇಜ್‌ನಲ್ಲಿ ಇಟ್ಟಿದ್ದಾರೆಯೇ ನೋಡಿ. ಡೆಬಿಯನ್‌ನಲ್ಲಿ ವಿಮ್ ಒಂದೇ ಅಲ್ಲ: 'ವಿಮ್ ಟೈನಿ' ಇದೆ, 'ವಿಮ್ ನಾಕ್ಸ್' ಇದೆ, 'ವಿಮ್ ಜಿಟಿಕೆ3' ಇದೆ. ಒಂದೇ ಸೋರ್ಸ್, ಬೇರೆ ಬೇರೆ ಆಯ್ಕೆಗಳು. 2024ರಲ್ಲಿ ಡೆಬಿಯನ್‌ನ ಅಸ್ಥಿರ ಶಾಖೆಯಲ್ಲಿ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಪೆಟ್ಟಿಗೆಯ ಐಚ್ಛಿಕ ಸೌಲಭ್ಯಗಳನ್ನು ತೆಗೆದು, ಅವೆಲ್ಲ ಇರುವ 'ಫುಲ್' ಎಂಬ ಬೇರೆ ಪ್ಯಾಕೇಜ್ ಕೊಟ್ಟಾಗ, ಬ್ರೌಸರ್ ಜೋಡಣೆ ಇದ್ದಕ್ಕಿದ್ದಂತೆ ನಿಂತುಹೋಯಿತೆಂದು ಬಹಳ ಜನ ಸಿಟ್ಟಾದರು. ದಾಳಿಗೆ ಸಿಗುವ ಜಾಗ ಕಡಿಮೆ ಮಾಡಬೇಕೆಂಬ ಉದ್ದೇಶಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಹಳೆಯ ಹೆಸರಿನ ಅರ್ಥವನ್ನು ಬದಲಿಸುವ ಬದಲು, ಕಿರಿದಾದ ಪ್ಯಾಕೇಜ್‌ಗೆ ಹೊಸ ಹೆಸರು ಕೊಡಬಹುದಿತ್ತು. ಜನ ಸ್ಥಾಪಿಸುವುದು ಹೆಸರನ್ನು ನಂಬಿ.

ಬೇರೆ ಪ್ಯಾಕೇಜ್‌ನಲ್ಲೂ ಇಲ್ಲವೆಂದಾದರೆ ಬಿಲ್ಡ್ ದಾಖಲೆಗೆ ಇಳಿಯಬೇಕು. ಬಿಲ್ಡ್ ಸಾಧನಕ್ಕೆ ತಕ್ಕಂತೆ ಅದರ ಹೆಸರು ಬೇರೆ: ಆಟೋಕಾನ್ಫ್ ಯೋಜನೆಯಲ್ಲಿ 'ಕಾನ್ಫಿಗ್ ಡಾಟ್ ಲಾಗ್', ಮೆಸಾನ್‌ನಲ್ಲಿ 'ಮೆಸಾನ್ ಲಾಗ್', ಸಿಮೇಕ್‌ನಲ್ಲಿ 'ಸಿಮೇಕ್ ಕ್ಯಾಶ್' ಕಡತ. ಹುಡುಕಬೇಕಾದದ್ದು ಲೈಬ್ರರಿಯ ಹೆಸರು ಮತ್ತು ಅದರ ಪಕ್ಕದ 'ನೋ' ಅಥವಾ 'ನಾಟ್ ಫೌಂಡ್'. ಹೆಚ್ಚಿನ ಸಲ ಕಾರಣ ಸರಳ: ಲೈಬ್ರರಿ ಇದೆ, ಅದನ್ನು ಬಳಸಿ ಕಟ್ಟಲು ಬೇಕಾದ ಹೆಡರ್ ಕಡತಗಳಿಲ್ಲ. ಡೆಬಿಯನ್ ಬಳಗದಲ್ಲಿ ಹೆಸರಿನ ಕೊನೆಗೆ 'ಡೆವ್', ಫೆಡೋರಾ ಬಳಗದಲ್ಲಿ 'ಡೆವೆಲ್' ಎಂದಿರುವ ಪ್ಯಾಕೇಜನ್ನು ಬೇರೆಯಾಗಿ ಸ್ಥಾಪಿಸಬೇಕು. ಪೈಥಾನನ್ನು ಸೋರ್ಸ್‌ನಿಂದ ಕಟ್ಟುವವರು ಇದರಲ್ಲಿ ಪದೇ ಪದೇ ಎಡವುತ್ತಾರೆ. ಬಿಲ್ಡ್ ಮುಗಿಯುತ್ತದೆ, ಪೈಥಾನ್ ತೆರೆಯುತ್ತದೆ, ವಾರದ ಬಳಿಕ ಯಾರೋ ಡೇಟಾಬೇಸ್ ತೆರೆಯಲು ಹೋದಾಗ ಎಸ್‌ಕ್ಯೂಲೈಟ್ ಮಾಡ್ಯೂಲ್ ಇಲ್ಲ. ಬಿಲ್ಡ್‌ನ ಕೊನೆಯಲ್ಲಿ, ಬೇಕಾದ ಸಾಮಗ್ರಿ ಸಿಗದೆ ಕೈಬಿಟ್ಟ ಮಾಡ್ಯೂಲ್‌ಗಳ ಹೆಸರು ಅದು ಹೇಳಿಯೇ ಇತ್ತು. ಸಾವಿರಾರು ಸಾಲುಗಳ ಹಿಂದೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೆಡರ್ ಸ್ಥಾಪಿಸಿದ ಮೇಲೂ 'ಸಿಗಲಿಲ್ಲ' ಎಂದೇ ಬರುತ್ತಿದ್ದರೆ ಬಿಲ್ಡ್ ಕೋಶವನ್ನು ಪೂರ್ತಿ ಅಳಿಸಿ ಮತ್ತೆ ಕಾನ್ಫಿಗರ್ ಮಾಡಿ. ಸಿಮೇಕ್ ಮೊದಲ ಸಲ ಕಂಡ ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ಯಂತ್ರ ಬದಲಿಸಿದ್ದು ಅದಕ್ಕೆ ತಿಳಿಯದೆ ಹೋಗಬಹುದು.

ಇಷ್ಟಾದರೂ ಸಿಗದಿದ್ದರೆ ಆ ಆವೃತ್ತಿಯ ಬದಲಾವಣೆ ಪಟ್ಟಿಯನ್ನೂ ಬಳಕೆಯ ವಿವರಣೆಯನ್ನೂ ಓದಿ. ನನ್ನ ಡ್ರಾಟೆಕ್ಸ್ಟ್ ಪ್ರಕರಣಕ್ಕೆ ಉತ್ತರ ಇದ್ದದ್ದು ಫಿಲ್ಟರ್ ಬಳಕೆಯ ವಿವರಣೆಯಲ್ಲಿ: ಈ ಫಿಲ್ಟರ್ ಬೇಕಾದರೆ 'ಎನೇಬಲ್ ಲಿಬ್‌ಫ್ರೀಟೈಪ್' ಜೊತೆಗೆ 'ಎನೇಬಲ್ ಲಿಬ್‌ಹಾರ್ಫ್‌ಬಝ್' ಕೊಡಿ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಅಂದಿನಿಂದ ಪ್ರತಿ ಏರಿಕೆಯಲ್ಲೂ ಹಳೆಯ ಬೈನರಿಯ ಫಿಲ್ಟರ್ ಪಟ್ಟಿಯನ್ನೂ ಹೊಸದರ ಪಟ್ಟಿಯನ್ನೂ ಎರಡು ಕಡತಗಳಲ್ಲಿ ಉಳಿಸಿ 'ಡಿಫ್' ಆದೇಶದಿಂದ ಹೋಲಿಸುತ್ತೇನೆ. ಅರ್ಧ ನಿಮಿಷದ ಕೆಲಸ. ಒಂದು ಸಾಲು ಕಡಿಮೆಯಾಗಿದ್ದರೂ ಪ್ಯಾಕೇಜ್ ಹೊರಗೆ ಹೋಗುವುದಿಲ್ಲ.

ಲಕ್ಷಣ: "ಕನ್ನಡದ ಒತ್ತಕ್ಷರ ಬಿಟ್ಟು ಬಿಟ್ಟು ಬರುತ್ತದೆ"

ಈ ದೂರನ್ನು ಫಾಂಟ್ ಸಮಸ್ಯೆ ಎಂದು ತಳ್ಳಿಹಾಕಿ, ಹತ್ತು ಫಾಂಟ್ ಬದಲಿಸಿ, ಕೊನೆಗೆ ಕನ್ನಡವೇ ಬೇಡ ಎಂದು ಕೈಚೆಲ್ಲಿದವರನ್ನು ನೋಡಿದ್ದೇನೆ. ನನಗೆ ಅತ್ಯಂತ ನೋವು ಕೊಡುವ ದೋಷ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಕಣ್ಣಿಂದಲೇ ನೋಡಿ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಆ ಫಾಂಟ್‌ನಲ್ಲಿ ಕನ್ನಡವಿಲ್ಲ. ಅದು ಬಿಲ್ಡ್ ದೋಷವಲ್ಲ. ಲೋಹಿತ್, ನೋಟೊ, ಗುಬ್ಬಿ, ಇವುಗಳಲ್ಲಿ ಒಂದನ್ನು ಸ್ಥಾಪಿಸಿ ಫಾಂಟ್ ಹೆಸರನ್ನು ಸರಿಯಾಗಿ ಕೊಟ್ಟರೆ ಮುಗಿಯಿತು. ಆದರೆ ಅಕ್ಷರಗಳು ಕನ್ನಡವೇ ಆಗಿದ್ದು, 'ಅಮ್ಮ' ಎಂಬುದು 'ಅಮ್‌ಮ' ಎಂದು ಬಿಡಿಯಾಗಿ ಕಂಡರೆ, 'ಕರ್ಮ'ದ ಅರ್ಕಾವೊತ್ತು ತನ್ನ ಜಾಗಕ್ಕೆ ಬಾರದೆ 'ಕರ್‌ಮ' ಎಂದು ನಿಂತರೆ, ಫಾಂಟ್ ನಿರ್ದೋಷಿ. ಅಕ್ಷರಗಳನ್ನು ಕೂಡಿಸುವ ಪದರ ಬೈನರಿಯಲ್ಲಿ ಇಲ್ಲ.

ಕಾರಣ ಹೀಗಿದೆ. ಯೂನಿಕೋಡ್‌ನಲ್ಲಿ 'ಮ್ಮ' ಎಂಬ ಒಂದೇ ಅಕ್ಷರವಿಲ್ಲ. ಮ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಮತ್ತೆ ಮ, ಹೀಗೆ ಮೂರು ಸಂಕೇತಗಳು ಸಾಲಾಗಿರುತ್ತವೆ. ಫ್ರೀಟೈಪ್ ಒಂದೊಂದು ಆಕೃತಿಯನ್ನು ಚಿತ್ರಿಸಬಲ್ಲದು, ಅಷ್ಟೇ. ಆ ಮೂರು ಸಂಕೇತಗಳನ್ನು ನೋಡಿ ಎರಡನೆಯ ಮಕಾರ ಒತ್ತಾಗಿ ಕೆಳಗೆ ಬರಬೇಕು ಎಂದು ಫಾಂಟ್‌ನ ನಿಯಮಗಳನ್ನು ಓದಿ ತೀರ್ಮಾನಿಸುವುದು ಹಾರ್ಫ್‌ಬಝ್‌ನ ಕೆಲಸ. ಇಂಗ್ಲಿಷ್‌ಗೆ ಹಾರ್ಫ್‌ಬಝ್ ಇಲ್ಲದಿದ್ದರೂ ಹೆಚ್ಚು ಕಡಿಮೆ ನಡೆಯುತ್ತದೆ. ಆ ಭಾಷೆಯಲ್ಲೇ ಪರೀಕ್ಷಿಸುವ ಪ್ಯಾಕೇಜ್ ಕಟ್ಟುವವನಿಗೆ ಅದು 'ಐಚ್ಛಿಕ' ಎನಿಸುತ್ತದೆ. ನಮಗೆ ಅದು ಐಚ್ಛಿಕವಲ್ಲ.

ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ಲೈಬ್ರರಿಯಲ್ಲಿ ಪ್ರಮಾಣಪತ್ರ, ಪೋಸ್ಟರ್, ಹೆಸರಿನ ಚೀಟಿ ಮಾಡುವವರು ಬಹಳ. ಅಲ್ಲಿ ಹಾರ್ಫ್‌ಬಝ್ ಕೆಲಸಕ್ಕೆ ಬರುವುದು ರಾಕ್ಮ್ ಎಂಬ ಲೈಬ್ರರಿಯ ಮೂಲಕ. ಅದು ಇಲ್ಲದಿದ್ದರೆ ಪಿಲ್ಲೋ ದೂರುವುದಿಲ್ಲ, ಸುಮ್ಮನೆ ಮೂಲ ಜೋಡಣೆಗೆ ಇಳಿದು ಬಿಡಿ ಅಕ್ಷರ ಬರೆಯುತ್ತದೆ. ಅಗ್ಗದ ಪರೀಕ್ಷೆ: 'ಪಿಐಎಲ್' ಮಾಡ್ಯೂಲನ್ನು ಪೈಥಾನ್‌ನ 'ಎಮ್' ಆಯ್ಕೆಯಿಂದ ಓಡಿಸಿ. ಬರುವ ವರದಿಯಲ್ಲಿ ರಾಕ್ಮ್ ಇದೆಯೋ ಇಲ್ಲವೋ ಎಂದು ಸಾಲು ಇರುತ್ತದೆ. ಇನ್ನೊಂದು ಉಪಾಯ ನನಗೆ ಇಷ್ಟ. ಪಠ್ಯ ಬರೆಯುವ ಕರೆಯಲ್ಲಿ ಭಾಷೆ 'ಕೆಎನ್' ಎಂದು ಕೊಡಿ. ರಾಕ್ಮ್ ಇಲ್ಲದಿದ್ದರೆ ಆಗ ಪಿಲ್ಲೋ ಮೌನವಾಗಿ ಇಳಿಯಲಾರದು, ದೋಷ ಹೇಳಿ ನಿಲ್ಲುತ್ತದೆ. ಒಡೆದ ಅಕ್ಷರದ ಸಾವಿರ ಪ್ರಮಾಣಪತ್ರ ಮುದ್ರಿಸಿದ ಮೇಲೆ ತಿಳಿಯುವುದಕ್ಕಿಂತ ಹಾಗೆ ನಿಲ್ಲುವುದೇ ಲೇಸು. ಪೈಥಾನ್‌ನ ಸ್ಥಾಪನಾ ಸಾಧನ 'ಪಿಪ್' ಮೂಲಕ ಬರುವ ಸಿದ್ಧ ಕಡತದಲ್ಲಿ ರಾಕ್ಮ್ ಸೇರಿದ್ದರೂ ಅದು ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಓಡುವ ಹೊತ್ತಿಗೆ ಹುಡುಕುತ್ತದೆ. ತೀರ ಚಿಕ್ಕದಾಗಿ ಕಟ್ಟಿದ ಕಂಟೇನರ್‌ಗಳಲ್ಲಿ (ತಂತ್ರಾಂಶ ಓಡುವ ಪ್ರತ್ಯೇಕ ಪರಿಸರಗಳಲ್ಲಿ) ಫ್ರಿಬಿಡಿ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದ ಕನ್ನಡ ಸರ್ವರ್‌ನಲ್ಲಿ ಒಡೆಯಲು ಇದೊಂದೇ ಸಾಕು.

ಚಿತ್ರ ಸಂಸ್ಕರಿಸುವ ಇಮೇಜ್‌ಮ್ಯಾಜಿಕ್‌ನಲ್ಲಿ 'ವರ್ಷನ್' ಉತ್ತರದ 'ಡೆಲಿಗೇಟ್ಸ್' ಸಾಲು ನೋಡಿ. ರಾಕ್ಮ್ ಇದ್ದರೆ ಸಾಮಾನ್ಯ ಪಠ್ಯ ಸರಿಬರುತ್ತದೆ. ರಾಕ್ಮ್ ಇಲ್ಲದೆ, ಪಠ್ಯ ಜೋಡಿಸುವ ಇನ್ನೊಂದು ಲೈಬ್ರರಿ ಪ್ಯಾಂಗೊಕೈರೊ ಮಾತ್ರ ಇದ್ದರೆ 'ಪ್ಯಾಂಗೊ' ದಾರಿಯಿಂದ ಬರೆಸಬೇಕು. ಎರಡೂ ಇಲ್ಲವೆಂದರೆ ಮರುಬಿಲ್ಡ್ ಬಿಟ್ಟು ಬೇರೆ ಪರಿಹಾರವಿಲ್ಲ.

ಎಫ್‌ಎಫ್‌ಎಂಪೆಗ್ ವಿಷಯಕ್ಕೆ ಮರಳಿದರೆ, 6.1ರ ಮೊದಲು ಡ್ರಾಟೆಕ್ಸ್ಟ್‌ಗೆ ಹಾರ್ಫ್‌ಬಝ್ ಜೋಡಣೆಯೇ ಇರಲಿಲ್ಲ. ಕನ್ನಡ ಶೀರ್ಷಿಕೆ ಬೇಕಾದವರು 'ಸಬ್‌ಟೈಟಲ್ಸ್' ಫಿಲ್ಟರ್ ಹಿಡಿದು ಉಪಶೀರ್ಷಿಕೆ ಚಿತ್ರಿಸುವ ಲಿಬ್‌ಆಸ್ ಲೈಬ್ರರಿ ಮೂಲಕ ಬರೆಸುತ್ತಿದ್ದರು. ನಮ್ಮ ಸಂಕಲನ ತಂಡವೂ ಅಷ್ಟೇ: ಕನ್ನಡಕ್ಕೆ ಲಿಬ್‌ಆಸ್, ಅಂಕಿಗಳ ದಿನಾಂಕಕ್ಕೆ ಡ್ರಾಟೆಕ್ಸ್ಟ್. ನಾನು ಬಿಟ್ಟ ಆ ಒಂದು ಆಯ್ಕೆಯಿಂದ ದಿನಾಂಕ ಕಾಣೆಯಾಯಿತು. ಅದೇ ಆಯ್ಕೆಯನ್ನು ಸೇರಿಸಿ ಮತ್ತೆ ಕಟ್ಟಿದಾಗ ದಿನಾಂಕ ಮರಳಿತು, ಜೊತೆಗೆ ಡ್ರಾಟೆಕ್ಸ್ಟ್‌ನಲ್ಲಿ 'ಸ್ತ್ರೀ' ಎಂಬ ಪದ ಮೊದಲ ಬಾರಿಗೆ ತನ್ನ ಎರಡು ಒತ್ತುಗಳೊಂದಿಗೆ ನೆಟ್ಟಗೆ ನಿಂತಿತು. ಆ ಮಧ್ಯಾಹ್ನ ನನಗೆ ಇಂದಿಗೂ ನೆನಪಿದೆ.

ನೀವು ಪಠ್ಯ ಚಿತ್ರಿಸುವ ಯಾವುದೇ ತಂತ್ರಾಂಶ ಕಟ್ಟುತ್ತಿದ್ದರೆ ಪರೀಕ್ಷೆಗೆ ನಾಲ್ಕು ಪದ ಸಾಕು: ಅಮ್ಮ, ಕರ್ಮ, ಸ್ತ್ರೀ, ಕ್ಷಮೆ. ಮೊದಲನೆಯದು ಒತ್ತನ್ನು, ಎರಡನೆಯದು ಅರ್ಕಾವೊತ್ತನ್ನು, ಮೂರನೆಯದು ಎರಡೊತ್ತುಗಳ ರಾಶಿಯನ್ನು, ನಾಲ್ಕನೆಯದು ಕ್ಷಕಾರವನ್ನು ಪರೀಕ್ಷಿಸುತ್ತವೆ.

ಹಾರ್ಫ್‌ಬಝ್ ಇದೆ, ಫಾಂಟ್ ಸರಿಯಿದೆ, ಆದರೂ ಯಾವುದೋ ಒಂದು ನಿರ್ದಿಷ್ಟ ಸಂಯುಕ್ತಾಕ್ಷರ ಮಾತ್ರ ಹಾಳಾಗುತ್ತಿದೆ ಎಂದಾದರೆ ಅಲ್ಲಿಗೆ ನಿಲ್ಲಿಸಿ. ಅದು ನಿಮ್ಮ ಬಿಲ್ಡ್‌ನ ತಪ್ಪಾಗಿರುವ ಸಾಧ್ಯತೆ ಕಡಿಮೆ. ಅದೇ ಪದವನ್ನು ಬೇರೆ ಫಾಂಟ್‌ನಲ್ಲಿ ಬರೆದು ನೋಡಿ, ಒಂದರಲ್ಲಿ ಮಾತ್ರ ಕೆಟ್ಟರೆ ಫಾಂಟ್ ಕಟ್ಟಿದವರಿಗೆ ಚಿತ್ರ ಸಮೇತ ತಿಳಿಸಿ.

ಲಕ್ಷಣ: "ನನ್ನ ಯಂತ್ರದಲ್ಲಿ ಇದೆ, ಅವರ ಯಂತ್ರದಲ್ಲಿ ಇಲ್ಲ"

ಇದಕ್ಕೆ ಮೂಲ, ಯಂತ್ರವೇ ಊಹಿಸಿ ತೀರ್ಮಾನಿಸುವ ಆಯ್ಕೆ. ಕಾನ್ಫಿಗರ್ ಓಡುವಾಗ ಲೈಬ್ರರಿ ಕಣ್ಣಿಗೆ ಬಿದ್ದರೆ ಸೌಲಭ್ಯ ಸೇರುತ್ತದೆ, ಬೀಳದಿದ್ದರೆ ಬಿಟ್ಟುಹೋಗುತ್ತದೆ. ಜೆಂಟೂ ಎಂಬ ಲಿನಕ್ಸ್ ವಿತರಣೆಯ ಬಳಗದವರು ಇದಕ್ಕೆ 'ಆಟೋಮ್ಯಾಜಿಕ್' ಅವಲಂಬನೆ ಎನ್ನುತ್ತಾರೆ. ಬಿಲ್ಡ್ ಯಂತ್ರದಲ್ಲಿ ನಿನ್ನೆ ಬೇರಾವುದೋ ಕೆಲಸಕ್ಕೆ ಸ್ಥಾಪಿಸಿದ ಲೈಬ್ರರಿ ಇಂದಿನ ಪ್ಯಾಕೇಜ್‌ನೊಳಗೆ ನುಸುಳುತ್ತದೆ. ಒಂದೇ ಸೋರ್ಸ್, ಒಂದೇ ಸ್ಕ್ರಿಪ್ಟ್, ಎರಡು ಯಂತ್ರ, ಎರಡು ಬೇರೆ ಬೈನರಿ.

ಪರೀಕ್ಷೆ ಸುಲಭ: ಎರಡೂ ಬೈನರಿಗಳ ಮೇಲೆ 'ರೀಡೆಲ್ಫ್ ಡಿ' ಓಡಿಸಿ 'ನೀಡೆಡ್' ಸಾಲುಗಳನ್ನು ಹೋಲಿಸಿ. ಒಂದರಲ್ಲಿ ಹೆಚ್ಚಾಗಿರುವ ಲೈಬ್ರರಿಯೇ ಸುಳಿವು.

ಪರಿಹಾರ ಒಂದೇ, ಈ ಇಡೀ ಕೈಪಿಡಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಅದೊಂದೇ: ಪ್ರತಿ ಐಚ್ಛಿಕ ಸೌಲಭ್ಯಕ್ಕೂ 'ಬೇಕು' ಅಥವಾ 'ಬೇಡ' ಎಂದು ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಬರೆಯಿರಿ. 'ಬೇಕು' ಎಂದು ಬರೆದ ಮೇಲೆ ಲೈಬ್ರರಿ ಸಿಗದಿದ್ದರೆ ಬಿಲ್ಡ್ ಮುರಿದು ಬೀಳಲಿ. ಮುರಿದು ಬಿದ್ದ ಬಿಲ್ಡ್ ನಿಮ್ಮನ್ನು ಮಾತ್ರ ಕಾಡುತ್ತದೆ, ಮೌನವಾಗಿ ಮುಗಿದ ಬಿಲ್ಡ್ ಎಲ್ಲರನ್ನೂ ಕಾಡುತ್ತದೆ.

ಇದನ್ನು ಮಾಡುವ ಬಗೆ ಸಾಧನದಿಂದ ಸಾಧನಕ್ಕೆ ಬೇರೆ. ಮೆಸಾನ್ ಈ ವಿಷಯದಲ್ಲಿ ಅಚ್ಚುಕಟ್ಟು: ಸೌಲಭ್ಯಗಳಿಗೆ ಎನೇಬಲ್ಡ್, ಡಿಸೇಬಲ್ಡ್, ಆಟೋ ಎಂಬ ಮೂರು ಬೆಲೆಗಳು. 'ಆಟೋ ಫೀಚರ್ಸ್' ಎಂಬ ಆಯ್ಕೆಗೆ 'ಎನೇಬಲ್ಡ್' ಕೊಟ್ಟರೆ ಎಲ್ಲ 'ಆಟೋ'ಗಳೂ 'ಬೇಕು' ಆಗಿಬಿಡುತ್ತವೆ. ಫೆಡೋರಾದ ಮೆಸಾನ್ ಮ್ಯಾಕ್ರೊ ಹೀಗೆಯೇ ಮಾಡುತ್ತದೆ. ಆಮೇಲೆ ಬೇಡವಾದುದನ್ನು ಒಂದೊಂದಾಗಿ 'ಡಿಸೇಬಲ್ಡ್' ಮಾಡಿಕೊಳ್ಳಿ. ಆಯ್ಕೆಯ ಹೆಸರು ತಪ್ಪಿದರೆ ಮೆಸಾನ್ ನಿಂತುಬಿಡುತ್ತದೆ.

ಆಟೋಕಾನ್ಫ್ ಅಷ್ಟು ಕಟ್ಟುನಿಟ್ಟಲ್ಲ. ಅಲ್ಲಿ ತಂತ್ರಾಂಶದ ಸ್ವಂತ ಸೌಲಭ್ಯಕ್ಕೆ 'ಎನೇಬಲ್', ಹೊರಗಿನ ಲೈಬ್ರರಿಗೆ 'ವಿತ್' ಎಂಬುದು ರೂಢಿ. 'ವಿತ್ ರಾಕ್ಮ್' ಎಂದು ಬರೆಯಬೇಕಾದಲ್ಲಿ 'ಎನೇಬಲ್ ರಾಕ್ಮ್' ಎಂದು ಬರೆದರೆ ಅದು ಒಂದು ಎಚ್ಚರಿಕೆ ಸಾಲು ಮುದ್ರಿಸಿ ಮುಂದೆ ಹೋಗುತ್ತದೆ. ಉಪಯೋಜನೆಗಳನ್ನು ಒಳಗೊಂಡ ಸೋರ್ಸ್‌ನಲ್ಲಿ ಆ ಎಚ್ಚರಿಕೆಯೂ ಬರದೆ ಇರಬಹುದು. 'ಎನೇಬಲ್ ಆಪ್ಷನ್ ಚೆಕಿಂಗ್' ಆಯ್ಕೆಗೆ 'ಫೇಟಲ್' ಎಂದು ಕೊಟ್ಟರೆ ಕಾಗುಣಿತ ತಪ್ಪಿದಲ್ಲೇ ನಿಲ್ಲುತ್ತದೆ. ಇದನ್ನು ನಾನು ಎಲ್ಲ ಸ್ಕ್ರಿಪ್ಟ್‌ಗಳಿಗೂ ಸೇರಿಸಿದ್ದೇನೆ. ಸಿಮೇಕ್ ಕೂಡ, ನೀವು ಕೊಟ್ಟ ಚರವನ್ನು ಯೋಜನೆ ಬಳಸಲಿಲ್ಲ ಎಂದು ಕೊನೆಯಲ್ಲಿ ಎಚ್ಚರಿಸುತ್ತದೆಯೇ ಹೊರತು ನಿಲ್ಲುವುದಿಲ್ಲ. ಯೋಜನೆಯಲ್ಲಿ ಆಯ್ಕೆಯೇ ಇಲ್ಲದೆ ಬರೀ ಹುಡುಕಾಟ ಇದ್ದರೆ 'ಸಿಮೇಕ್ ಡಿಸೇಬಲ್ ಫೈಂಡ್ ಪ್ಯಾಕೇಜ್' ಮತ್ತು 3.22ರಿಂದ ಬಂದ 'ಸಿಮೇಕ್ ರಿಕ್ವೈರ್ ಫೈಂಡ್ ಪ್ಯಾಕೇಜ್' ಚರಗಳಿಂದ ಹೊರಗಿನಿಂದಲೇ ಕಟ್ಟುಪಾಡು ಹಾಕಬಹುದು.

ಕೊನೆಯ, ಹೆಚ್ಚು ಶ್ರಮದ ಹೆಜ್ಜೆ ಎಂದರೆ ಖಾಲಿ ಮನೆಯಲ್ಲಿ ಕಟ್ಟುವುದು. ಡೆಬಿಯನ್‌ಗೆ ಎಸ್‌ಬಿಲ್ಡ್, ಫೆಡೋರಾಕ್ಕೆ ಮಾಕ್, ಆರ್ಚ್‌ಗೆ ಡೆವ್‌ಟೂಲ್ಸ್ ಇವೆ. ನೀವು ಹೆಸರಿಸಿದ ಅವಲಂಬನೆಗಳನ್ನು ಬಿಟ್ಟು ಬೇರೇನೂ ಇಲ್ಲದ ಪರಿಸರದಲ್ಲಿ ಅವು ಕಟ್ಟುತ್ತವೆ. ಮೊದಲ ಸಲ ಹೊಂದಿಸಲು ಅರ್ಧ ದಿನ ಹೋಗಬಹುದು.

ಲಕ್ಷಣ: "ತೆರೆಯುವ ಮೊದಲೇ ಲೈಬ್ರರಿ ಸಿಗಲಿಲ್ಲ ಎಂದು ಬೀಳುತ್ತದೆ"

ಹಿಂದಿನದಕ್ಕೆ ಇದು ಇನ್ನೊಂದು ಮುಖ. ಸೌಲಭ್ಯ ನುಸುಳಿತು, ಪ್ಯಾಕೇಜ್‌ನ ಅವಲಂಬನೆ ಪಟ್ಟಿಯಲ್ಲಿ ಅದರ ಹೆಸರು ಮಾತ್ರ ಸೇರಲಿಲ್ಲ. ಬಳಕೆದಾರರಿಗೆ ಆ ಲೈಬ್ರರಿಯನ್ನು ಸ್ಥಾಪಿಸಲು ಹೇಳಿ ತಾತ್ಕಾಲಿಕವಾಗಿ ಕೆಲಸ ಸಾಗಿಸಿ. ಅದು ಪರಿಹಾರವಲ್ಲ, ನೀವು ಸೌಲಭ್ಯವನ್ನು ಘೋಷಿಸಿ ಉಳಿಸಬೇಕು ಅಥವಾ ತೆಗೆದು ಮರುಕಟ್ಟಬೇಕು. ಒಂದೇ ಲೈಬ್ರರಿಯ ಹಳೆಯ ಆವೃತ್ತಿ ಇದ್ದು ಹೊಸ ಸಂಖ್ಯೆಯನ್ನು ಬೇಡುತ್ತಿದ್ದರೆ, ಹಳೆಯ ಕಡತಕ್ಕೆ ಹೊಸ ಹೆಸರಿನ ಕೊಂಡಿ ಹಾಕಿ ಮೋಸ ಮಾಡುವ ಸಲಹೆ ಎಲ್ಲಾದರೂ ಸಿಕ್ಕೀತು. ದಯವಿಟ್ಟು ಹಾಗೆ ಮಾಡಬೇಡಿ. ಸಂಖ್ಯೆ ಬದಲಾಗಿರುವುದೇ ಒಳಗಿನ ರಚನೆ ಹೊಂದುವುದಿಲ್ಲ ಎಂದು ಹೇಳಲು. ತೆರೆದುಕೊಂಡರೂ ಡೇಟಾ ಕೆಡಬಹುದು.

ಲಕ್ಷಣ: "ಚಿಕ್ಕ ಸಾಧನ ಸ್ಥಾಪಿಸಿದರೆ ಅರ್ಧ ಪ್ರಪಂಚ ಜೊತೆಗೆ ಬರುತ್ತದೆ"

ಎಲ್ಲ ಸೌಲಭ್ಯಗಳನ್ನೂ ಹಾಕಿಬಿಡೋಣ, ಯಾರೂ ದೂರಲಾರರು ಎಂಬ ಆಸೆ ಬರುತ್ತದೆ. ಪ್ರತಿ ಸೌಲಭ್ಯದೊಂದಿಗೆ ಬೇರೊಬ್ಬರು ಬರೆದ ಕೋಡ್ ನಿಮ್ಮ ಬಳಕೆದಾರರ ಮನೆಯೊಳಗೆ ಹೋಗುತ್ತದೆ ಎಂಬುದು ನೆನಪಿರಲಿ.

2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಓಪನ್‌ಎಸ್‌ಎಸ್‌ಎಲ್‌ನ 'ಹಾರ್ಟ್‌ಬೀಟ್' ಎಂಬ ಸೌಲಭ್ಯದಲ್ಲಿತ್ತು. ಹೆಚ್ಚಿನವರಿಗೆ ಅದರ ಅಗತ್ಯವೇ ಇರಲಿಲ್ಲ, ಆದರೂ ತಾನಾಗಿಯೇ ಸೇರಿಕೊಂಡಿತ್ತು. ಕೂಡಲೇ 1.0.1ಜಿ ಆವೃತ್ತಿಗೆ ಏರಲಾಗದವರಿಗೆ ಕೊಟ್ಟ ಸಲಹೆ, ಆ ಸೌಲಭ್ಯವನ್ನು ಬಿಟ್ಟು ಮರುಕಂಪೈಲ್ ಮಾಡಿ ಎಂಬುದೇ ಆಗಿತ್ತು.

2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಂಡ್ ಬಯಲಿಗೆಳೆದ, ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣ ಇನ್ನೂ ಹತ್ತಿರದ ಪಾಠ. ಓಪನ್‌ಎಸ್‌ಎಸ್‌ಎಚ್ ತಾನಾಗಿ ಎಕ್ಸ್‌ಝಡ್‌ನ ಲಿಬ್‌ಎಲ್‌ಝಡ್‌ಎಂಎ ಲೈಬ್ರರಿಯನ್ನು ಬಳಸುವುದೇ ಇಲ್ಲ. ಕೆಲವು ವಿತರಣೆಗಳು ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸುವ ಸೌಲಭ್ಯಕ್ಕಾಗಿ ಓಪನ್‌ಎಸ್‌ಎಸ್‌ಎಚ್ ಅನ್ನು ಲಿಬ್‌ಸಿಸ್ಟಮ್‌ಡಿಯೊಂದಿಗೆ ಜೋಡಿಸಿದ್ದವು, ಲಿಬ್‌ಸಿಸ್ಟಮ್‌ಡಿ ಲಿಬ್‌ಎಲ್‌ಝಡ್‌ಎಂಎಯನ್ನು ಎಳೆದು ತಂದಿತು. ಆ ಸರಪಳಿಯಿಂದ 5.6.0 ಮತ್ತು 5.6.1ರಲ್ಲಿ ಅಡಗಿಸಿದ್ದ ಹಿಂಬಾಗಿಲು ಲಾಗಿನ್ ಸೇವೆಯವರೆಗೆ ತಲುಪಿತು. ಆ ಹಿಂಬಾಗಿಲು ಇಟ್ಟ ದುಷ್ಕರ್ಮಿಗಳ ಇನ್ನೊಂದು ಕೈಚಳಕವನ್ನು ಪ್ಯಾಕೇಜ್ ಕಟ್ಟುವ ಪ್ರತಿಯೊಬ್ಬರೂ ತಿಳಿದಿರಬೇಕು. ಎಕ್ಸ್‌ಝಡ್‌ನ ಸಿಮೇಕ್ ಕಡತದಲ್ಲಿ, ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಇದೆಯೇ ಎಂದು ಪರೀಕ್ಷಿಸುವ ತುಣುಕಿನೊಳಗೆ ಒಂದೇ ಒಂದು ಚುಕ್ಕೆ ಇಡಲಾಗಿತ್ತು. ಆ ಚುಕ್ಕೆಯಿಂದ ಪರೀಕ್ಷಾ ತುಣುಕು ಎಂದಿಗೂ ಕಂಪೈಲ್ ಆಗುತ್ತಿರಲಿಲ್ಲ, ಹಾಗಾಗಿ 'ಸೌಲಭ್ಯ ಇಲ್ಲ' ಎಂದು ತಿಳಿದು ರಕ್ಷಣೆ ಮೌನವಾಗಿ ಬಿಟ್ಟುಹೋಗುತ್ತಿತ್ತು. ಊಹೆಗೆ ಬಿಟ್ಟ ಆಯ್ಕೆಯನ್ನು ಹಗೆಯೂ ಬಳಸಿಕೊಳ್ಳಬಲ್ಲ.

ಹಾಗಾದರೆ ಯಾವುದನ್ನು ಇಡಬೇಕು? ನಾನು ಕೇಳಿಕೊಳ್ಳುವುದು ಇಷ್ಟು. ಈ ಸೌಲಭ್ಯವನ್ನು ಯಾರಾದರೂ ನಿಜವಾಗಿ ಬಳಸುತ್ತಾರೆಯೇ? ಇದನ್ನು ತೆಗೆದರೆ ಅವರಿಗೆ ಬೇರೆ ದಾರಿ ಇದೆಯೇ? ಹೊರಗಿನಿಂದ ಬರುವ ಡೇಟಾವನ್ನು ಇದು ಮುಟ್ಟುತ್ತದೆಯೇ? ಮುಟ್ಟುತ್ತದೆ ಎಂದಾದರೆ, ಆ ಲೈಬ್ರರಿಯನ್ನು ಯಾರಾದರೂ ಈಗಲೂ ನೋಡಿಕೊಳ್ಳುತ್ತಿದ್ದಾರೆಯೇ? ಭಾಷೆ ಮತ್ತು ಅಕ್ಷರಕ್ಕೆ ಸಂಬಂಧಿಸಿದ ಸೌಲಭ್ಯಗಳನ್ನು, ದೃಷ್ಟಿ ಇಲ್ಲದವರಿಗೆ ನೆರವಾಗುವ ಸೌಲಭ್ಯಗಳನ್ನು ಮಾತ್ರ ಬಳಕೆದಾರರ ಸಂಖ್ಯೆ ಎಣಿಸಿ ತೆಗೆಯುವುದಿಲ್ಲ. ಅವು ಬೇಕಾದವರಿಗೆ ಸ್ವತಃ ಕಂಪೈಲ್ ಮಾಡಿಕೊಳ್ಳಿ ಎಂದು ಹೇಳುವುದು ಬಾಗಿಲು ಮುಚ್ಚಿದಂತೆಯೇ. ಭಾರವಾದ, ಕೆಲವರಿಗೆ ಮಾತ್ರ ಬೇಕಾದ ಸೌಲಭ್ಯವನ್ನು ಪ್ಲಗಿನ್ ಆಗಿ ಬೇರೆ ಪ್ಯಾಕೇಜ್‌ನಲ್ಲಿ ಕೊಡಲು ಸಾಧ್ಯವಾದರೆ ಅದೇ ಉತ್ತಮ.

ಲಕ್ಷಣ: ಕಾನ್ಫಿಗರ್ ಕೊನೆಯಲ್ಲಿ "ಹಂಚುವಂತಿಲ್ಲ" ಎಂಬ ಪರವಾನಗಿ ಸಾಲು

ಇಲ್ಲಿ ಪ್ರಯೋಗಕ್ಕೆ ಅವಕಾಶವಿಲ್ಲ, ನಿಲ್ಲಿ. ಎಫ್‌ಎಫ್‌ಎಂಪೆಗ್ ಮೂಲತಃ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯದು. ವಿಡಿಯೊ ಎನ್‌ಕೋಡರ್ ಎಕ್ಸ್264 ಸೇರಿಸಲು 'ಎನೇಬಲ್ ಜಿಪಿಎಲ್' ಕೊಟ್ಟರೆ ಇಡೀ ಬೈನರಿ ಜಿಪಿಎಲ್ ಆಗುತ್ತದೆ. ಅದನ್ನು ಸೋರ್ಸ್ ಕೊಡುವ ಷರತ್ತಿನೊಂದಿಗೆ ಹಂಚಬಹುದು. ಜೊತೆಗೆ ಧ್ವನಿ ಎನ್‌ಕೋಡರ್ ಎಫ್‌ಡಿಕೆ ಎಎಸಿಗಾಗಿ 'ಎನೇಬಲ್ ನಾನ್‌ಫ್ರೀ' ಕೊಟ್ಟರೆ ಆ ಬೈನರಿಯನ್ನು ಯಾರಿಗೂ ಹಂಚುವಂತಿಲ್ಲ. ಸಂದೇಶವನ್ನು ಕಡೆಗಣಿಸಿ ಸರ್ವರ್‌ಗೆ ಏರಿಸಬೇಡಿ. ಎಫ್‌ಎಫ್‌ಎಂಪೆಗ್‌ನ ಸ್ವಂತ ಎಎಸಿ ಎನ್‌ಕೋಡರ್ 2016ರ 3.0 ಆವೃತ್ತಿಯಿಂದ ಪ್ರಾಯೋಗಿಕ ಹಂತ ದಾಟಿದೆ, ಸಾಮಾನ್ಯ ಕೆಲಸಕ್ಕೆ ಅದೇ ಸಾಕು. ಸಂಸ್ಥೆಯ ಹೆಸರಿನಲ್ಲಿ ಹಂಚುವ ಪ್ಯಾಕೇಜ್ ಆದರೆ ಪರವಾನಗಿ ಬಲ್ಲವರೊಬ್ಬರ ಮಾತು ಪಡೆದೇ ಮುಂದುವರಿಯಿರಿ.

ಸಹಾಯ ಕೇಳುವ ಹೊತ್ತು

ಖಾಲಿ ಪರಿಸರದಲ್ಲಿ, ಎಲ್ಲ ಆಯ್ಕೆಗಳನ್ನೂ ಬರೆದು ಕಟ್ಟಿದ ಮೇಲೂ ದೋಷ ಉಳಿದರೆ ಒಬ್ಬರೇ ಗುದ್ದಾಡುವುದನ್ನು ನಿಲ್ಲಿಸಿ. ಸಿದ್ಧ ಪ್ಯಾಕೇಜ್ ಬಳಸುತ್ತಿದ್ದರೆ ಮೊದಲು ಕೇಳಬೇಕಾದದ್ದು ಅದನ್ನು ಕಟ್ಟಿದ ವಿತರಣೆಯವರನ್ನು, ಆಯ್ಕೆ ಮಾಡಿದವರು ಅವರೇ. ನೀವೇ ಸೋರ್ಸ್‌ನಿಂದ ಕಟ್ಟಿದ್ದರೆ ಮೂಲ ಯೋಜನೆಯವರನ್ನು ಕೇಳಿ. ಬೈನರಿಯಲ್ಲಿ ನಿಮಗೆ ಗೊತ್ತಿಲ್ಲದ ಲೈಬ್ರರಿ, ಸೋರ್ಸ್ ಭಂಡಾರದಲ್ಲಿ ಇಲ್ಲದ ಕಡತ ಬಿಡುಗಡೆಯ ಗಂಟಿನಲ್ಲಿ ಕಂಡರೆ ಸಾರ್ವಜನಿಕವಾಗಿ ಬರೆಯುವ ಮೊದಲು ಆ ಯೋಜನೆಯ ಭದ್ರತಾ ವಿಳಾಸಕ್ಕೆ ಖಾಸಗಿಯಾಗಿ ತಿಳಿಸಿ, ಮತ್ತು ಆ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ ಇಡಿ.

ದೂರಿನಲ್ಲಿ ಆವೃತ್ತಿ, ಕಾನ್ಫಿಗರ್ ಮಾಡಿದ ಸಾಲು ಪೂರ್ತಿಯಾಗಿ, ಬಿಲ್ಡ್ ದಾಖಲೆಯ ಕಡತ, ಹಳೆಯ ಮತ್ತು ಹೊಸ ಸೌಲಭ್ಯ ಪಟ್ಟಿಗಳ ವ್ಯತ್ಯಾಸ ಇಷ್ಟೂ ಇರಲಿ. ದಾಖಲೆಯಲ್ಲಿ ನಿಮ್ಮ ಸರ್ವರ್‌ಗಳ ಹೆಸರು ಅಥವಾ ಗುಪ್ತಪದ ಸೇರಿದ್ದರೆ ಅಳಿಸಿ ಕಳುಹಿಸಿ. ಕನ್ನಡ ಅಕ್ಷರದ ದೋಷವಾದರೆ ಬಂದ ಚಿತ್ರ ಒಂದು, ಬರಬೇಕಾದ ಚಿತ್ರ ಒಂದು, ಎರಡನ್ನೂ ಲಗತ್ತಿಸಿ. ನೋಡುವವರಿಗೆ ಕನ್ನಡ ಓದಲು ಬಾರದಿರಬಹುದು. 'ಸ್ತ್ರೀ' ಹೇಗೆ ಕಾಣಬೇಕು ಎಂದು ಅವರಿಗೆ ತೋರಿಸಬೇಕಾದವರು ನಾವೇ.